ಕಠಿಣ ಪದಗಳನ್ನು ನಗುತ್ತಾ ಕಲಿಯೋಣ

ಸಭೆ ಸಮಾರಂಭಗಳ ಕೊನೆಯಲ್ಲಿ ವಂದನಾರ್ಪಣೆಗೆ ಬಂದವರು, "ತಮಗೆಲ್ಲರಿಗೂ ನನ್ನ ಹೃತ್ಪೂರ್ವಕ ಕೃತಘ್ನತೆಗಳು" ಎಂದು ಕೈಮುಗಿದು ಕುಳಿತುಕೊಳ್ಳುವುದನ್ನು ನೀವೂ ಒಂದಲ್ಲ ಒಂದು ಕಡೆ ಕೇಳಿರಬಹುದು. ಕೃತಜ್ಞತೆ ಎಂದರೆ ಮಾಡಿದ ಉಪಕಾರವನ್ನು ನೆನೆಯುವುದು. ಕೃತಘ್ನತೆ ಎಂದರೆ ಉಪಕಾರ ಮಾಡಿದವರಿಗೇ ದ್ರೋಹ ಬಗೆಯುವುದು. ನಡುವಿನ ಒಂದು ಒತ್ತಕ್ಷರ ಬದಲಾದರೆ ಸಾಕು, ವಂದನೆ ಹೋಗಿ ನಿಂದನೆಯಾಗುತ್ತದೆ! "ತಮ್ಮ ಸಹಕಾರವನ್ನು ಉಪೇಕ್ಷಿಸುತ್ತೇವೆ" ಎಂದು ಕರಪತ್ರ ಅಚ್ಚು ಹಾಕಿಸಿದವರೂ ಇದ್ದಾರೆ. ಅವರ ಮನಸ್ಸಿನಲ್ಲಿದ್ದುದು ಅಪೇಕ್ಷೆ. ಕಾಗದದ ಮೇಲೆ ಬಂದದ್ದು ಕಡೆಗಣಿಸುವುದು ಎಂಬ ಅರ್ಥದ ಉಪೇಕ್ಷೆ.

ನಮ್ಮದೇ ಭಾಷೆಯಲ್ಲಿ ಹೀಗಾದರೆ ಇಂಗ್ಲಿಷಿನ ವಿಷಯ ಹೇಳುವುದೇ ಬೇಡ. ಮಕ್ಕಳು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗಿ ಬರುತ್ತಾರೆ, ತಾಯಿ ಹತ್ತನೇ ತರಗತಿಗೋ ಪಿಯುಸಿಗೋ ಓದು ನಿಲ್ಲಿಸಿದವಳು. ಮಗುವಿನ ಬಾಯಲ್ಲಿ ಬರುವ ಉದ್ದುದ್ದ ಪದಗಳು ಆಕೆಗೆ ಗೋಡೆಯಾಗಿ ನಿಲ್ಲುತ್ತವೆ. ಆ ಗೋಡೆಯನ್ನು ದಾಟಲು "ಮೂವತ್ತು ದಿನಗಳಲ್ಲಿ ಇಂಗ್ಲಿಷ್" ಎಂಬ ಪುಸ್ತಕ ತಂದು, ಪದಪಟ್ಟಿಯನ್ನು ಬಾಯಿಪಾಠ ಮಾಡಿ, ಹತ್ತನೇ ದಿನಕ್ಕೆ ಬಿಟ್ಟುಬಿಟ್ಟವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಪಟ್ಟಿಯಿಂದ ಕಲಿತ ಪದ ಬೇಗನೆ ಮರೆತುಹೋಗುತ್ತದೆ. ಕಥೆಯೊಳಗೆ, ಅದರಲ್ಲೂ ನಗುವಿನೊಳಗೆ ಸಿಕ್ಕ ಪದ ಮನಸ್ಸಿನಲ್ಲಿ ಉಳಿಯುತ್ತದೆ. ಆದ್ದರಿಂದ ಈ ತಿಂಗಳು ಒಂದು ಹಳೆಯ ಹಾಸ್ಯ ನಾಟಕದ ಬಗ್ಗೆ ಬರೆಯಬೇಕೆನಿಸಿದೆ. ನಾಟಕ ಇಂಗ್ಲೆಂಡಿನದ್ದು, ಅದಕ್ಕೆ ಈಗ ಎರಡೂವರೆ ಶತಮಾನ. ಆದರೆ ಅದರ ಮುಖ್ಯ ನಗೆಪಾತ್ರ ಕಠಿಣ ಪದಗಳ ಮೋಹಕ್ಕೆ ಬಿದ್ದ ಒಬ್ಬ ಮಹಿಳೆ. ಆಕೆ ಬಾಯಿ ತೆರೆದಾಗಲೆಲ್ಲ ಓದುವವನಿಗೆ ಎರಡು ಹೊಸ ಪದಗಳು ಲಾಭ.

ನಾಟಕದ ಹೆಸರು 'ದಿ ರೈವಲ್ಸ್', ಅಂದರೆ ಪ್ರತಿಸ್ಪರ್ಧಿಗಳು. ಬರೆದವರು ರಿಚರ್ಡ್ ಬ್ರಿನ್ಸ್ಲಿ ಶೆರಿಡನ್. 1751ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದ ಇವರು ಈ ನಾಟಕ ಬರೆದಾಗ ವಯಸ್ಸು ಕೇವಲ 23. ಲಂಡನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ 1775ರ ಜನವರಿ 17ರಂದು ಮೊದಲ ಪ್ರದರ್ಶನ ನಡೆಯಿತು. ಜನರಿಗೆ ಹಿಡಿಸಲಿಲ್ಲ. ತೀರಾ ಉದ್ದವಾಯಿತು, ಒಬ್ಬ ನಟನ ಅಭಿನಯ ಕೆಟ್ಟಿತು, ಐರಿಷ್ ಜನರನ್ನು ಗೇಲಿ ಮಾಡಲಾಗಿದೆ ಎಂಬೆಲ್ಲ ದೂರುಗಳು ಬಂದವು. ಶೆರಿಡನ್ ನಾಟಕವನ್ನು ಹಿಂದಕ್ಕೆ ಪಡೆದು, ಕತ್ತರಿಸಿ, ತಿದ್ದಿ, ಆ ನಟನನ್ನು ಬದಲಿಸಿ 11 ದಿನಗಳಲ್ಲಿ, ಅಂದರೆ ಜನವರಿ 28ಕ್ಕೆ ಮತ್ತೆ ರಂಗಕ್ಕೆ ತಂದರು. ಆಗ ಗೆದ್ದ ನಾಟಕ ಇಂದಿನವರೆಗೂ ಸೋತಿಲ್ಲ.

ಕಥೆ ಸರಳ. ಬಾತ್ ಎಂಬುದು ಬಿಸಿನೀರಿನ ಬುಗ್ಗೆಗಳಿರುವ, ಸಿರಿವಂತರು ಕಾಲ ಕಳೆಯಲು ಬರುತ್ತಿದ್ದ ಊರು. ಅಲ್ಲಿ ಲಿಡಿಯಾ ಲ್ಯಾಂಗ್ವಿಷ್ ಎಂಬ ಶ್ರೀಮಂತ ಹುಡುಗಿ ತನ್ನ ಅತ್ತೆ ಮಿಸೆಸ್ ಮಾಲಪ್ರಾಪ್ ಅವರ ಆಶ್ರಯದಲ್ಲಿದ್ದಾಳೆ. ಕಾದಂಬರಿಗಳನ್ನು ಓದಿ ಓದಿ, ಬಡವನೊಬ್ಬನೊಂದಿಗೆ ಓಡಿಹೋಗಿ ಮದುವೆಯಾಗುವುದೇ ಬಾಳಿನ ಸಾರ್ಥಕತೆ ಎಂದು ನಂಬಿಕೊಂಡಿದ್ದಾಳೆ. ಅತ್ತೆಯ ಒಪ್ಪಿಗೆಯಿಲ್ಲದೆ ಮದುವೆಯಾದರೆ ಆಸ್ತಿಯ ಬಹುಪಾಲು ಕೈತಪ್ಪುತ್ತದೆ, ಆದರೂ ಚಿಂತೆಯಿಲ್ಲ. ಕ್ಯಾಪ್ಟನ್ ಜಾಕ್ ಅಬ್ಸಲ್ಯೂಟ್ ಶ್ರೀಮಂತನ ಮಗ. ಈಕೆಯ ಹುಚ್ಚು ಕಂಡು, ತಾನೊಬ್ಬ ಬಡ ಸೇನಾಧಿಕಾರಿ ಬೆವರ್ಲಿ ಎಂದು ಸುಳ್ಳು ಹೇಳಿ ಅವಳ ಮನಸ್ಸು ಗೆದ್ದಿದ್ದಾನೆ. ಅತ್ತ ಅವನ ತಂದೆ ಸರ್ ಆಂಟನಿ, ಹುಡುಗಿ ಯಾರೆಂದೂ ಹೇಳದೆ "ನಾನು ಹೇಳಿದವಳನ್ನು ಮದುವೆಯಾಗು" ಎಂದು ಮಗನ ಮೇಲೆ ಎಗರಾಡುತ್ತಾರೆ. ಆ ಹುಡುಗಿ ಇದೇ ಲಿಡಿಯಾ! ಮುಂದಿನ ಗೊಂದಲವನ್ನು ನೀವೇ ಊಹಿಸಿಕೊಳ್ಳಬಹುದು.

ಇಲ್ಲಿ ಹೆಸರುಗಳೂ ಪಾಠವೇ. 'ಲ್ಯಾಂಗ್ವಿಷ್' ಎಂದರೆ ಕೊರಗಿ ಸೊರಗುವುದು. 'ಅಬ್ಸಲ್ಯೂಟ್' ಎಂದರೆ ಯಾರ ಅಂಕೆಯೂ ಇಲ್ಲದ, ಪರಿಪೂರ್ಣ ಅಧಿಕಾರದ. ಮನೆಯಲ್ಲಿ ತನ್ನ ಮಾತೇ ಕೊನೆ ಎನ್ನುವ ಸರ್ ಆಂಟನಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ. 'ಮಾಲಪ್ರಾಪ್' ಎಂಬುದು 'ಸಂದರ್ಭಕ್ಕೆ ಒಪ್ಪದ' ಎಂಬರ್ಥದ ಒಂದು ಫ್ರೆಂಚ್ ಮಾತಿನಿಂದ ಬಂದ ಹೆಸರು. ಆಕೆಯ ದೆಸೆಯಿಂದ, ಒಂದು ಪದದ ಬದಲು ಅದರಂತೆ ಕೇಳಿಸುವ ಇನ್ನೊಂದು ಪದ ಬಳಸಿ ನಗೆಗೀಡಾಗುವುದಕ್ಕೆ ಇಂಗ್ಲಿಷಿನಲ್ಲಿ 'ಮಾಲಪ್ರಾಪಿಸಂ' ಎಂಬ ಪದವೇ ಹುಟ್ಟಿಕೊಂಡಿತು. ನಮ್ಮ ವಂದನಾರ್ಪಣೆಯವರ 'ಕೃತಘ್ನತೆ' ಅಪ್ಪಟ ಮಾಲಪ್ರಾಪಿಸಂ.

ಈಗ ಆಕೆಯ ಮಾತಿನ ಬುತ್ತಿ ಬಿಚ್ಚೋಣ.

ಕ್ಯಾಪ್ಟನ್ ಅಬ್ಸಲ್ಯೂಟ್‌ನ ವಿನಯ ಕಂಡು ಆಕೆಗೆ ಬಹಳ ಸಂತೋಷ. ಸೌಜನ್ಯದ 'ಪಿನಕಲ್' ಎಂದು ಹೊಗಳಬೇಕೆಂದುಕೊಳ್ಳುತ್ತಾರೆ. ಪಿನಕಲ್ ಎಂದರೆ ಶಿಖರ, ಮಿನಾರದ ತುತ್ತತುದಿ. ಬಾಯಲ್ಲಿ ಬಂದದ್ದು ಮಾತ್ರ 'ಪೈನಾಪಲ್'! ಸೌಜನ್ಯದ ಅನಾನಸು ಹಣ್ಣು! ಪಿನಕಲ್ ಎಂಬ ಪದವನ್ನು ನಿಘಂಟಿನಲ್ಲಿ ಓದಿದ್ದರೆ ನೀವು ನಾಳೆ ಮರೆಯಬಹುದು. ಅನಾನಸಿನ ಜೊತೆಗೆ ಬಂದ ಮೇಲೆ ಅದನ್ನು ಮರೆಯುವುದುಂಟೆ?

ಸೊಸೆ ಲಿಡಿಯಾ ಹೇಳಿದ ಮಾತು ಕೇಳುವುದಿಲ್ಲ, ನೈಲ್ ನದಿಯ ದಂಡೆಯ ಮೊಸಳೆಯಷ್ಟು ಹಟಮಾರಿ ಎಂದು ದೂರುವಾಗ, ಆಕೆ ಆಲಿಗೇಟರ್ ಎನ್ನುವ ಬದಲು 'ಅಲೆಗರಿ' ಎನ್ನುತ್ತಾರೆ. ಅಲೆಗರಿ ಎಂದರೆ ಒಂದನ್ನು ಹೇಳುತ್ತಾ ಇನ್ನೊಂದನ್ನು ಸೂಚಿಸುವ ಕಥೆ. ಪ್ರಾಣಿಗಳ ಕಥೆ ಹೇಳಿ ಮನುಷ್ಯರ ಸ್ವಭಾವ ತೋರಿಸುತ್ತೇವಲ್ಲ, ಆ ಬಗೆಯದು. ನೈಲ್ ದಂಡೆಯಲ್ಲಿ ಒಂದು ರೂಪಕ ಕಥೆ ಬಾಯಿ ತೆರೆದು ಮಲಗಿದೆ ಎಂದು ಕಲ್ಪಿಸಿಕೊಳ್ಳಿ! ಇದರಲ್ಲಿ ಇನ್ನೊಂದು ತಮಾಷೆಯಿದೆ. ಪದವನ್ನು ಸರಿಪಡಿಸಿದರೂ ಮಾತು ಸರಿಯಾಗುವುದಿಲ್ಲ. ಆಲಿಗೇಟರ್‌ಗಳು ಇರುವುದು ಅಮೆರಿಕದಲ್ಲಿ ಮತ್ತು ಚೀನಾದಲ್ಲಿ. ನೈಲ್ ನದಿಯಲ್ಲಿರುವುದು ಕ್ರೊಕೊಡೈಲ್. ಆಲಿಗೇಟರ್ ಎಂಬುದರ ಮೊದಲ 'ಅಲ್' ಕಂಡು ಇದು ಅರಬಿಯಿಂದ ಬಂದ ಪದವೆಂದು ನಮ್ಮವರಿಗೆ ಅನ್ನಿಸಬಹುದು. ಹಾಗಲ್ಲ, ಸ್ಪ್ಯಾನಿಷ್ ಭಾಷೆಯಲ್ಲಿ ಹಲ್ಲಿಗೆ ಹೇಳುವ 'ಎಲ್ ಲಗಾರ್ಟೊ' ಎಂಬುದೇ ಆಲಿಗೇಟರ್ ಆಯಿತು. ನಿಜವಾಗಿ ಅರಬಿಯಿಂದ ಬಂದ ಒಂದು ಪದವನ್ನು ಮಿಸೆಸ್ ಮಾಲಪ್ರಾಪ್ ಹೇಳುತ್ತಾರೆ, ಅದು ಆಲ್ಜೀಬ್ರಾ. 9ನೇ ಶತಮಾನದ ಬಗ್ದಾದಿನ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಗ್ರಂಥದ ಶೀರ್ಷಿಕೆಯಲ್ಲಿದ್ದ 'ಅಲ್ ಜಬ್ರ್' ಎಂಬುದೇ ಅದರ ಮೂಲ. ಆಕೆ ಅದನ್ನು ಹೇಳುವುದು ಹೆಣ್ಣುಮಕ್ಕಳಿಗೆ ಕಲಿಸಬಾರದ ವಿಷಯಗಳ ಸಾಲಿನಲ್ಲಿ! ಆ ಮಾತಿಗೆ ಮತ್ತೆ ಬರುತ್ತೇನೆ.

ಲಿಡಿಯಾಳಿಗೆ ಆ ಹುಡುಗನನ್ನು ನೆನಪಿನಿಂದ ಅಳಿಸಿಹಾಕು ಎಂದು ಬುದ್ಧಿ ಹೇಳಬೇಕು. ಅಳಿಸಿಹಾಕು ಎಂಬುದಕ್ಕೆ 'ಆಬ್ಲಿಟರೇಟ್' ಎಂಬ ಪದವಿದೆ. ಆಕೆ ಹೇಳುವುದು 'ಇಲ್ಲಿಟರೇಟ್', ಅಂದರೆ ಅನಕ್ಷರಸ್ಥ. ಮೇಲ್ನೋಟಕ್ಕೆ ಬರೀ ಸದ್ದಿನ ಹೋಲಿಕೆ. ಒಳಹೊಕ್ಕು ನೋಡಿದರೆ ಎರಡು ಪದಗಳಿಗೂ ತಾಯಿ ಒಬ್ಬಳೇ. ಲ್ಯಾಟಿನ್ ಭಾಷೆಯಲ್ಲಿ 'ಲಿಟೆರಾ' ಎಂದರೆ ಅಕ್ಷರ. ಅಕ್ಷರವಿಲ್ಲದವನು ಇಲ್ಲಿಟರೇಟ್, ಬರೆದ ಅಕ್ಷರವನ್ನು ಉಜ್ಜಿ ಅಳಿಸುವುದು ಆಬ್ಲಿಟರೇಟ್. ಲಿಟರೇಚರ್ ಕೂಡ ಅದೇ ಮನೆಯ ಮಗಳು. ಒಂದು ತಪ್ಪನ್ನು ಹಿಡಿದು ಹೊರಟರೆ ಮೂರು ಪದಗಳು ಒಟ್ಟಿಗೇ ಕೈಗೆ ಬಂದವು, ನೋಡಿ.

ಇದೇ ಬಗೆಯ ಜೋಡಿಗಳು ಇನ್ನೂ ಇವೆ. ಹೆಣ್ಣುಮಕ್ಕಳು ಅಕ್ಕಪಕ್ಕದ ದೇಶಗಳ ಬಗ್ಗೆ ತಿಳಿದಿರಲಿ ಎನ್ನುವಾಗ ಆಕೆ 'ಕಂಟಿಗ್ಯುಯಸ್' ಎನ್ನಬೇಕಾದಲ್ಲಿ 'ಕಂಟೇಜಿಯಸ್' ಎನ್ನುತ್ತಾರೆ. ಮೊದಲನೆಯದು ಒಂದಕ್ಕೊಂದು ತಾಗಿಕೊಂಡಿರುವುದು, ಎರಡನೆಯದು ತಾಗಿದರೆ ಅಂಟುವುದು. 2020ರ ಕೊರೋನಾ ಕಾಲದ ನಂತರ ಕಂಟೇಜಿಯಸ್ ಎಂಬ ಪದವನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಗೊತ್ತಿರುವ ಆ ಪದದ ಕೈ ಹಿಡಿದು ಗೊತ್ತಿಲ್ಲದ ಕಂಟಿಗ್ಯುಯಸ್ ಬಳಿಗೆ ಹೋಗಬಹುದು. ಎರಡರ ಮೂಲವೂ 'ತಾಗು' ಎಂಬ ಅರ್ಥದ ಲ್ಯಾಟಿನ್ ಧಾತು. ಅದೇ ಮಾತಿನಲ್ಲಿ ಭೂಗೋಳಕ್ಕೆ 'ಜಿಯೋಮೆಟ್ರಿ' ಎಂದೂ ಹೇಳಿಬಿಡುತ್ತಾರೆ. 'ಜಿಯೋ' ಎಂದರೆ ಭೂಮಿ. ಭೂಮಿಯ ಬಗ್ಗೆ ಬರೆದರೆ ಜಿಯೋಗ್ರಫಿ, ಭೂಮಿಯನ್ನು ಅಳೆದರೆ ಜಿಯೋಮೆಟ್ರಿ. ಶಾಲೆಯ ಮಗುವಿಗೆ ಇದನ್ನು ಹೇಳಿ ನೋಡಿ, ಕಣ್ಣರಳಿಸುತ್ತದೆ.

ಸೊಸೆಯ ಮೇಲೆ ತನ್ನ ಪ್ರಭಾವ ಏನೂ ಇಲ್ಲ ಎನ್ನಲು 'ಇನ್‌ಫ್ಲುಯೆನ್ಸ್' ಬದಲು 'ಅಫ್ಲುಯೆನ್ಸ್' ಎನ್ನುತ್ತಾರೆ. ಅದು ಸಿರಿವಂತಿಕೆ. ಒಳಗೆ ಹರಿದರೆ ಪ್ರಭಾವ, ಕಡೆಗೆ ಹರಿದು ಬಂದರೆ ಸಂಪತ್ತು. ಎರಡೂ 'ಹರಿ' ಎಂಬ ಅರ್ಥದ ಧಾತುವಿನಿಂದಲೇ ಬಂದವು. ಹುಡುಗಿಯರಿಗೆ ಲೆಕ್ಕಪತ್ರದ ಮೇಲುಮೇಲಿನ ತಿಳಿವಳಿಕೆ ಸಾಕು ಎನ್ನುವಲ್ಲಿ 'ಸೂಪರ್‌ಫಿಷಿಯಲ್' ಹೋಗಿ 'ಸೂಪರ್‌ಸಿಲಿಯಸ್' ಬರುತ್ತದೆ. ಈ ಎರಡನೆಯ ಪದದ ಮೂಲ ಅರ್ಥ ಹುಬ್ಬು. ಹುಬ್ಬು ಮೇಲೇರಿಸಿ ಇತರರನ್ನು ಕೀಳಾಗಿ ಕಾಣುವ ಗರ್ವಕ್ಕೆ ಈ ಹೆಸರು. ಅಂತಹವರು ನಮ್ಮ ನಿಮ್ಮ ಬಂಧುಗಳಲ್ಲೂ ಇದ್ದಾರೆ, ಇನ್ನು ಮುಂದೆ ಅವರನ್ನು ಕಂಡಾಗ ಪದ ತಾನಾಗಿ ನೆನಪಾಗುತ್ತದೆ!

ವ್ಯಾಕರಣದ ಪದಗಳನ್ನೂ ಆಕೆ ಬಿಟ್ಟಿಲ್ಲ. ತಾನು ಕಟ್ಟುನಿಟ್ಟಾಗಿ ಆಜ್ಞೆ ಮಾಡಿದ್ದೆ ಎನ್ನಲು 'ಇಂಜಂಕ್ಷನ್' ಬದಲು 'ಕಂಜಂಕ್ಷನ್', ಅಂದರೆ ಎರಡು ಮಾತನ್ನು ಜೋಡಿಸುವ ಅವ್ಯಯ. ಇಂಜಂಕ್ಷನ್ ಪದವನ್ನು ಕೋರ್ಟಿನ ತಡೆಯಾಜ್ಞೆಯ ಸುದ್ದಿಗಳಲ್ಲಿ ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ಸರ್ ಆಂಟನಿ ತಂದ ಮದುವೆಯ ಪ್ರಸ್ತಾಪ 'ಪ್ರೊಪೊಸಿಷನ್' ಆಗದೆ 'ಪ್ರೆಪೊಸಿಷನ್' ಆಗುತ್ತದೆ. ತನ್ನ ಭಾಷಾಪ್ರೌಢಿಮೆಯ ಬಗ್ಗೆ ಜಂಭ ಕೊಚ್ಚಿಕೊಳ್ಳುವಾಗಲಂತೂ ಪರಮಾವಧಿ. ವಿಶೇಷಣಗಳನ್ನು ಸೊಗಸಾಗಿ ಜೋಡಿಸಬಲ್ಲೆ ಎನ್ನಹೊರಟವರು, 'ಎಪಿಥೆಟ್' ಎನ್ನಬೇಕಾದಲ್ಲಿ 'ಎಪಿಟಾಫ್' ಎಂದು, ಜೋಡಣೆಗೆ ಬದಲಾಗಿ ಅಸ್ತವ್ಯಸ್ತತೆ ಎಂಬರ್ಥದ 'ಡಿರೇಂಜ್‌ಮೆಂಟ್' ಎಂದು ಹೇಳಿ, ತಾನು ಗೋರಿಕಲ್ಲಿನ ಬರಹಗಳನ್ನು ಚೆಲ್ಲಾಪಿಲ್ಲಿ ಮಾಡುವುದರಲ್ಲಿ ನಿಪುಣೆ ಎಂಬರ್ಥ ಬರುವಂತೆ ಮಾಡುತ್ತಾರೆ.

ಈ ಕಲಿಕೆ ಕೆಲಸ ಮಾಡುವುದು ಹೇಗೆ? ನಗು ಬರಬೇಕಾದರೆ ನಿಮಗೆ ಎರಡು ಪದಗಳೂ ಗೊತ್ತಿರಬೇಕು. ಆಡಿದ ಪದ ಒಂದು, ಆಡಬೇಕಾಗಿದ್ದ ಪದ ಇನ್ನೊಂದು. ಆ ಎರಡನೆಯದನ್ನು ನಾಟಕದಲ್ಲಿ ಯಾರೂ ಹೇಳುವುದಿಲ್ಲ. ಮುಂದಿನ ಹಿಂದಿನ ಮಾತು ನೋಡಿ, ಸಂದರ್ಭ ನೋಡಿ, ಓದುವವರೇ ಅದನ್ನು ಹುಡುಕಿಕೊಳ್ಳಬೇಕು. ಹುಡುಕಿ ಪಡೆದದ್ದು ನಮ್ಮದಾಗುತ್ತದೆ. ನಾವು ಬಿ.ಎ. ಓದುತ್ತಿದ್ದ ಕಾಲದಲ್ಲಿ ಇಂತಹ ನಾಟಕಗಳನ್ನು ಗೈಡಿನ ಸಾರಾಂಶ ಓದಿ ಪಾಸಾಗುವುದೇ ವಾಡಿಕೆಯಾಗಿತ್ತು. ಸಾರಾಂಶದಲ್ಲಿ ಕಥೆ ಇರುತ್ತದೆ, ಅನಾನಸು ಇರುವುದಿಲ್ಲ.

ಇನ್ನು ಆಕೆಯ ಪರವಾಗಿ ಒಂದು ಮಾತು. ಮಿಸೆಸ್ ಮಾಲಪ್ರಾಪ್ ದಡ್ಡಿಯಲ್ಲ. ಆಕೆಗೆ ನೂರಾರು ಪದಗಳ ಪರಿಚಯವಿದೆ, ಪದಗಳ ಮೇಲೆ ಪ್ರೀತಿಯಿದೆ. ನನ್ನ ದೃಷ್ಟಿಯಲ್ಲಿ ಆಕೆಯ ಕಷ್ಟ ಎರಡು. ಪದಗಳನ್ನು ಕಿವಿಯಿಂದ ಹಿಡಿದಿದ್ದಾರೆ, ಕಣ್ಣಿಂದ ಓದಿ ಕಲಿತಂತಿಲ್ಲ. ಎರಡನೆಯದಾಗಿ, ಎದುರಿಗಿದ್ದವರು ಯಾರೂ ಆಕೆಯನ್ನು ತಿದ್ದುವುದಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡು ಹಿಂದಿನಿಂದ ನಗುತ್ತಾರೆ. ಮೂರನೇ ಅಂಕದಲ್ಲಿ ಒಂದು ದೃಶ್ಯವಿದೆ. ಲಿಡಿಯಾಳಿಗೆ ಬೆವರ್ಲಿ ಬರೆದ ಪತ್ರವೊಂದು ಅತ್ತೆಯ ಕೈಗೆ ಸಿಕ್ಕಿದೆ. ಅದನ್ನು ಬರೆದವನೇ ಈ ಕ್ಯಾಪ್ಟನ್ ಎಂದು ಆಕೆಗೆ ಗೊತ್ತಿಲ್ಲ, ಅವನ ಕೈಯಲ್ಲೇ ಗಟ್ಟಿಯಾಗಿ ಓದಿಸುತ್ತಾರೆ. ಪತ್ರದಲ್ಲಿ ಆಕೆಯ ರೂಪಕ್ಕೂ, ಅರ್ಥ ತಿಳಿಯದ ದೊಡ್ಡ ಪದಗಳಿಂದ ಸಿಂಗರಿಸಿದ ಮಾತಿಗೂ ಗೇಲಿಯಿದೆ. ತನ್ನ ಭಾಷೆಯನ್ನು ಹಳಿದದ್ದು ಕೇಳಿ ಆಕೆ ಕೆರಳುವ ಪರಿ ನೋಡಿದರೆ ನಗು ಬರುತ್ತದೆ. ಸ್ವಲ್ಪ ತಡೆದು ನೋಡಿದರೆ ಪಾಪ ಎನಿಸುತ್ತದೆ. ಶೆರಿಡನ್ ಆಕೆಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಅವಮಾನ ಮಾಡಿದರು ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ಈ ಪಾತ್ರದ ಹಿಂದೆ ಇನ್ನೊಬ್ಬ ಮಹಿಳೆಯಿದ್ದಾರೆ. ಅವರು ಶೆರಿಡನ್ನರ ತಾಯಿ ಫ್ರಾನ್ಸಿಸ್ ಶೆರಿಡನ್. 1724ರಲ್ಲಿ ಹುಟ್ಟಿದ ಈಕೆಯ ತಂದೆ ಒಬ್ಬ ಪಾದ್ರಿ. ಮಗಳಿಗೆ ಓದು ಕಲಿಸಲು ಅವರು ಒಪ್ಪಿದ್ದೇ ಕಷ್ಟದಿಂದ. ಬರೆಯುವುದನ್ನಂತೂ ಖಂಡಿತ ಕಲಿಸಕೂಡದು ಎಂದಿದ್ದರು, ಹೆಣ್ಣು ಬರೆಯಲು ಕಲಿತರೆ ಪ್ರೇಮಪತ್ರಗಳು ಹೆಚ್ಚುತ್ತವೆಯೇ ಹೊರತು ಬೇರೇನೂ ಪ್ರಯೋಜನವಿಲ್ಲ ಎಂಬುದು ಅವರ ವಾದವಾಗಿತ್ತಂತೆ. ಫ್ರಾನ್ಸಿಸ್‌ರ ಮೊಮ್ಮಗಳು ಬರೆದ ಜೀವನಚರಿತ್ರೆಯಲ್ಲಿ ಈ ವಿವರವಿದೆ. ಈ ವಾದವನ್ನು ನಾವು ಎಲ್ಲೋ ಕೇಳಿದ ಹಾಗಿದೆಯಲ್ಲವೇ? ನಮ್ಮ ಅಜ್ಜಿಯರಿಗೆ ಓದು ಸಾಕು, ಬರಹ ಬೇಡ ಎಂದವರು ಹೇಳಿದ್ದೂ ಇದನ್ನೇ. ಇಂದು ಮೊಬೈಲ್ ವಿಷಯದಲ್ಲಿ ಕೇಳಿಬರುವುದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಫ್ರಾನ್ಸಿಸ್‌ರ ಅಣ್ಣಂದಿರು ತಂದೆಗೆ ತಿಳಿಯದಂತೆ ತಂಗಿಗೆ ಬರೆಯಲು ಕಲಿಸಿದರು, ಲ್ಯಾಟಿನ್ ಕೂಡ ಕಲಿಸಿದರು. ಮುಂದೆ ಆಕೆ ಕಾದಂಬರಿ ಬರೆದು ಹೆಸರಾದರು, ನಾಟಕ ಬರೆದರು. ಪರ್ಶಿಯಾ ದೇಶದ ಸುಲ್ತಾನನ ಆಸ್ಥಾನದಲ್ಲಿ ನಡೆಯುವ 'ನೂರ್‌ಜಹಾದ್' ಎಂಬ ಕಥೆಯೂ ಆಕೆಯದೇ. ಮುಗಿಯದ ಸಂಪತ್ತನ್ನೂ ಮುಗಿಯದ ಆಯುಷ್ಯವನ್ನೂ ಬಯಸಿದವನ ಕಥೆಯದು. 1766ರಲ್ಲಿ ಆಕೆ ತೀರಿಕೊಂಡ ಮರುವರ್ಷ ಪ್ರಕಟವಾಯಿತು. ಬಾತ್ ಊರಿಗೆ ಹೋಗುವವರ ಬಗ್ಗೆ ಆಕೆ ಬರೆದ ಇನ್ನೊಂದು ಹಾಸ್ಯ ನಾಟಕದ ಮೂರು ಅಂಕಗಳಷ್ಟೇ ಉಳಿದಿವೆ. ಅದರಲ್ಲಿ ದೊಡ್ಡ ಪದಗಳನ್ನು ತಪ್ಪಾಗಿ ಆಡುವ ಮಿಸೆಸ್ ಟ್ರೈಫೋರ್ಟ್ ಎಂಬ ಪಾತ್ರವಿದೆ. ಮಗ ತನ್ನ ಮಿಸೆಸ್ ಮಾಲಪ್ರಾಪ್‌ಳನ್ನು ಕಡೆದದ್ದು ತಾಯಿಯ ಆ ಕಲ್ಲಿನಿಂದ. ತಂದೆಯ ಕಡೆಯಿಂದಲೂ ಪದಗಳೇ ಆಸ್ತಿ. ಥಾಮಸ್ ಶೆರಿಡನ್ ನಟರು, ಸ್ಪಷ್ಟ ಉಚ್ಚಾರಣೆಯ ಶಿಕ್ಷಕರು. 1780ರಲ್ಲಿ ಉಚ್ಚಾರಣೆಗೆ ಒತ್ತು ಕೊಟ್ಟ ಇಂಗ್ಲಿಷ್ ನಿಘಂಟನ್ನೇ ಹೊರತಂದವರು.

ಮಗನೂ ಮುಂದೆ ಮಾತಿನಿಂದಲೇ ದೊಡ್ಡವನಾದ. ಪಾರ್ಲಿಮೆಂಟಿನ ಸದಸ್ಯನಾಗಿ 1787ರ ಫೆಬ್ರವರಿಯಲ್ಲಿ ಐದು ಗಂಟೆಗೂ ಹೆಚ್ಚು ಕಾಲ ಮಾಡಿದ ಭಾಷಣದ ವಿಷಯ ಏನು ಗೊತ್ತೇ? ಅವಧ್‌ನ ಬೇಗಂಗಳು! ನವಾಬ್ ಆಸಿಫುದ್ದೌಲರ ತಾಯಿ ಮತ್ತು ಅಜ್ಜಿಯ ಸಂಪತ್ತನ್ನು ವಾರನ್ ಹೇಸ್ಟಿಂಗ್ಸ್ ಬಲವಂತದಿಂದ ಕಸಿಯುವಂತೆ ಮಾಡಿದ ಅನ್ಯಾಯವನ್ನು ಅಲ್ಲಿ ಆತ ಎತ್ತಿ ತೋರಿಸಿದ. ಹೇಸ್ಟಿಂಗ್ಸ್ 1795ರಲ್ಲಿ ಖುಲಾಸೆಯಾದ ಎಂಬುದು ಬೇರೆ ಮಾತು. ನಾಟಕದಿಂದ ದೂರ ಬಂದೆ, ಆದರೂ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಆಲ್ಜೀಬ್ರಾ ವಿಷಯಕ್ಕೆ ಮರಳೋಣ. ಮೊದಲ ಅಂಕದಲ್ಲಿ ಹೆಣ್ಣುಮಕ್ಕಳ ಓದಿನ ಬಗ್ಗೆ ದೊಡ್ಡ ಚರ್ಚೆಯೇ ನಡೆಯುತ್ತದೆ. ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳೇ ಹುಡುಗಿಯರನ್ನು ಕೆಡಿಸುತ್ತಿವೆ ಎಂದು ಸರ್ ಆಂಟನಿ ಕೂಗಾಡುತ್ತಾರೆ, ಅಕ್ಷರ ಕಲಿಸುವುದಕ್ಕಿಂತ ಮಾಟಮಂತ್ರ ಕಲಿಸುವುದು ವಾಸಿ ಎಂಬಷ್ಟರ ಮಟ್ಟಿಗೆ. ಮಿಸೆಸ್ ಮಾಲಪ್ರಾಪ್ ಅಷ್ಟು ದೂರ ಹೋಗುವುದಿಲ್ಲ. ಆದರೆ ತನ್ನ ಮಗಳು ವಿದ್ಯೆಯ 'ಪ್ರಾಡಿಜಿ' ಆಗುವುದು ಬೇಡ, ಗ್ರೀಕ್, ಹೀಬ್ರೂ, ಆಲ್ಜೀಬ್ರಾ ಯಾವುದೂ ಬೇಡ ಎನ್ನುತ್ತಾರೆ. ಪ್ರಾಡಿಜಿ ಎಂದರೆ ಅಸಾಧಾರಣ ಪ್ರತಿಭೆ. ಆಕೆಯ ಬಾಯಲ್ಲಿ ಅದು 'ಪ್ರೊಜೆನಿ', ಅಂದರೆ ಸಂತಾನ. ಹೆಣ್ಣಿಗೆ ಓದು ಹೆಚ್ಚಾಗಬಾರದೆಂದು ವಾದಿಸುವ ಹೆಣ್ಣು, ಓದು ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಅದೇ ಉಸಿರಿನಲ್ಲಿ ತೋರಿಸಿಬಿಡುತ್ತಾರೆ. ಅದಕ್ಕೆ ಸ್ವಲ್ಪ ಮುಂಚೆ ಲಿಡಿಯಾ, ಅತ್ತೆ ಬರುತ್ತಿದ್ದಾಳೆಂದು ತಿಳಿದು, ಕಾದಂಬರಿಗಳನ್ನು ಅಲ್ಲಲ್ಲಿ ತುರುಕಿ ಮೇಜಿನ ಮೇಲೆ ಧರ್ಮೋಪದೇಶದ ಪುಸ್ತಕವೊಂದನ್ನು ಬಿಚ್ಚಿಡುವ ದೃಶ್ಯ ಬರುತ್ತದೆ. ಆ ಪುಸ್ತಕದ ಹಾಳೆಗಳನ್ನು ಕೇಶಾಲಂಕಾರ ಮಾಡುವವನು ಮೊದಲೇ ಹರಿದಿಟ್ಟಿದ್ದಾನೆ! ಹದಿಹರೆಯದ ಮಕ್ಕಳಿರುವ ತಾಯಂದಿರು ಇದನ್ನು ಓದಿ ನಗುತ್ತಲೇ ಸ್ವಲ್ಪ ಯೋಚಿಸಬಹುದು.

ನನಗೆ ಪರಿಚಯದ ತಾಯಿಯೊಬ್ಬರ ಸಂಗತಿ ಹೇಳುತ್ತೇನೆ. ಶಾಲೆಯ ಪೋಷಕರ ಸಭೆಯಲ್ಲಿ ಅವರು ಟೀಚರ್ ಬಳಿ, "ನನ್ನ ಮಗಳು ತುಂಬಾ ಸೆನ್ಸಿಬಲ್, ಜೋರಾಗಿ ಗದರಬೇಡಿ" ಎಂದರು. ಅವರು ಹೇಳಬೇಕೆಂದಿದ್ದುದು ಸೆನ್ಸಿಟಿವ್, ಬೇಗ ಮನಸ್ಸಿಗೆ ಹಚ್ಚಿಕೊಳ್ಳುವವಳು ಎಂದು. ಸೆನ್ಸಿಬಲ್ ಎಂದರೆ ವಿವೇಕಿ. ಟೀಚರ್ ತುಟಿಯಂಚಿನಲ್ಲಿ ನಕ್ಕರು. ಮಗಳು ಮನೆಗೆ ಬಂದವಳೇ, "ಉಮ್ಮಾ, ಇನ್ನು ಮುಂದೆ ಮೀಟಿಂಗ್‌ಗೆ ಅಬ್ಬನನ್ನೇ ಕಳುಹಿಸಿ" ಎಂದಳು. ಆ ಬಳಿಕ ಎರಡು ವರ್ಷ ಆ ತಾಯಿ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಒಂದು ಪದಕ್ಕೆ ಇಷ್ಟು ದೊಡ್ಡ ದಂಡವೇ? ಮಗಳ ಓದಿನ ಬಗ್ಗೆ ಆಕೆಗೆ ಗೊತ್ತಿದ್ದಷ್ಟು ಅಬ್ಬನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಮನೆಯಲ್ಲಿ ಉಳಿದರು.

ತಿದ್ದಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ ಎಂಬುದು ನಮಗೆ ಹೊಸ ಪಾಠವಲ್ಲ. ಅರಬಿಯಲ್ಲಿ ಗಂಟಲಿನ ಆಳದ 'ಖಾಫ್' ಬಳಸಿದರೆ ಖಲ್ಬ್, ಅಂದರೆ ಹೃದಯ. ಸಾಮಾನ್ಯ 'ಕಾಫ್' ಬಳಸಿದರೆ ಕಲ್ಬ್, ಅಂದರೆ ನಾಯಿ. ಮದ್ರಸದ ಮೊದಲ ತರಗತಿಗಳಲ್ಲೇ ಈ ವ್ಯತ್ಯಾಸವನ್ನು ಉಸ್ತಾದರು ಹತ್ತು ಸಲ ಹೇಳಿಸಿ, ಇಪ್ಪತ್ತು ಸಲ ತಿದ್ದುತ್ತಿದ್ದರು. ಅರುವತ್ತು ದಾಟಿದ ಅಜ್ಜಿಯರೂ ಕುರ್‌ಆನ್ ಪಾರಾಯಣವನ್ನು ಎಳೆಯ ಹುಡುಗಿಯರ ಮುಂದೆ ಓದಿ ತಿದ್ದಿಸಿಕೊಳ್ಳುವುದನ್ನು ನಾವು ಕಾಣುತ್ತೇವೆ. ಅಲ್ಲಿ ಯಾರೂ ನಗುವುದಿಲ್ಲ, ಯಾರೂ ಮುಖ ಮುಚ್ಚಿಕೊಳ್ಳುವುದಿಲ್ಲ. ಇಂಗ್ಲಿಷಿಗೆ ಮಾತ್ರ ಈ ಭಯ ಏಕೆ?

ಓದಲು ತೊಡಗುವವರಿಗೆ ಕೆಲವು ಮಾತುಗಳು. ಇಡೀ ನಾಟಕವನ್ನು ಒಮ್ಮೆಲೇ ಹಿಡಿಯಬೇಡಿ. ಮೊದಲ ಅಂಕದ ಎರಡನೇ ದೃಶ್ಯ ಮತ್ತು ಮೂರನೇ ಅಂಕದ ಮೂರನೇ ದೃಶ್ಯ, ಈ ಎರಡರಲ್ಲೇ ಮಿಸೆಸ್ ಮಾಲಪ್ರಾಪ್‌ರ ಮುತ್ತುಗಳು ಬೇಕಾದಷ್ಟಿವೆ. ಕೃತಿಸ್ವಾಮ್ಯ ಮುಗಿದ ಹಳೆಯ ನಾಟಕವಾದ್ದರಿಂದ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅರ್ಥ ವಿವರಣೆಯಿರುವ ಕಾಲೇಜು ಆವೃತ್ತಿ ಸಿಕ್ಕರೆ ಇನ್ನೂ ಒಳ್ಳೆಯದು. ಒಬ್ಬರೇ ಓದುವುದಕ್ಕಿಂತ ಮಗಳೊಂದಿಗೋ ನಾದಿನಿಯೊಂದಿಗೋ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಮಾಲಪ್ರಾಪ್ ಪಾತ್ರ ತಾಯಿಗಿರಲಿ! ತಪ್ಪಾಗಿ ಮಾತಾಡುವುದೇ ಪಾತ್ರದ ಕೆಲಸವಾದ್ದರಿಂದ ನಿಮ್ಮ ಉಚ್ಚಾರಣೆಯ ಬಗ್ಗೆ ಯಾರೂ ಚಕಾರ ಎತ್ತುವಂತಿಲ್ಲ.

ಮೊದಲ ಸಲ ಓದುವಾಗ ನಿಘಂಟನ್ನು ದೂರವಿಡಿ. ಮಾತಿನಲ್ಲಿ ಎಲ್ಲಿ ಎಡವಿದಂತೆ ಅನಿಸುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಆಕೆ ಏನು ಹೇಳಹೊರಟಿದ್ದರೆಂದು ಊಹಿಸಿ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟೋ ಮೊಬೈಲಿನ ನಿಘಂಟೋ ತೆರೆಯಿರಿ. ನೋಟ್ ಪುಸ್ತಕದಲ್ಲಿ ಆಡಿದ ಪದ ಮತ್ತು ಆಡಬೇಕಿದ್ದ ಪದವನ್ನು ಒಂದೇ ಸಾಲಿನಲ್ಲಿ ಬರೆದು, ಅರ್ಥವನ್ನು ನಿಮ್ಮ ಮನೆಮಾತಿನಲ್ಲೇ ಬರೆಯಿರಿ, ಬ್ಯಾರಿಯೋ ಉರ್ದುವೋ ಕನ್ನಡವೋ. ದಿನಕ್ಕೆ ಮೂರು ಜೋಡಿ ಸಾಕು. ಜೊತೆಗೆ ಕನ್ನಡದ ಜೋಡಿಗಳನ್ನೂ ಸೇರಿಸುತ್ತಾ ಹೋದರೆ ಪುಸ್ತಕಕ್ಕೆ ಕಳೆ ಬರುತ್ತದೆ. ಅನುಮಾನ ಮತ್ತು ಅವಮಾನ, ಪರಿಣಾಮ ಮತ್ತು ಪರಿಮಾಣ, ಅಕ್ಕಿ ಮತ್ತು ಹಕ್ಕಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಭಾಷೆ 18ನೇ ಶತಮಾನದ್ದು, ಕೆಲವು ಪದಗಳು ಇಂದು ಬಳಕೆಯಲ್ಲಿಲ್ಲ. ಬಾಬ್ ಏಕರ್ಸ್ ಎಂಬ ಹಳ್ಳಿಯ ಯಜಮಾನನ ಪಾತ್ರ ವಿಚಿತ್ರ ಆಣೆಗಳನ್ನು ಹಾಕುತ್ತದೆ, ದ್ವಂದ್ವಯುದ್ಧದ ಪ್ರಸಂಗವೂ ಬರುತ್ತದೆ. ಒಟ್ಟಾರೆ ಮನೆಮಂದಿ ಕುಳಿತು ಓದಬಹುದಾದ ನಾಟಕವೇ. ಓಡಿಹೋಗಬೇಕೆಂಬ ಲಿಡಿಯಾಳ ಹುಚ್ಚಿಗೆ ನಾಟಕ ಚಪ್ಪಾಳೆ ತಟ್ಟುವುದಿಲ್ಲ, ಅದನ್ನು ನೋಡಿ ನಗುತ್ತದೆ.

ಕೆಲವು ಕಡೆ ಆಕೆ ಹೇಳಹೊರಟ ಪದ ಯಾವುದೆಂಬ ಬಗ್ಗೆ ಒಂದಕ್ಕಿಂತ ಹೆಚ್ಚು ಉತ್ತರಗಳು ಸಾಧ್ಯ. ಮೂರನೇ ಅಂಕದ ಆ ಪತ್ರದ ದೃಶ್ಯದಲ್ಲಿ, ತನ್ನ ಭಾಷೆಯ ಬಗ್ಗೆ ಜಂಭ ಪಡುವಾಗ ಆಕೆ 'ರಿಪ್ರಿಹೆಂಡ್' ಎಂಬ ಪದ ಬಳಸುತ್ತಾರೆ. ಅದರ ನಿಜವಾದ ಅರ್ಥ ಗದರಿಸುವುದು, ಖಂಡಿಸುವುದು. ಆಕೆಯ ಮನಸ್ಸಿನಲ್ಲಿದ್ದುದು ಅರ್ಥಮಾಡಿಕೊಳ್ಳುವುದು ಎಂಬ 'ಕಾಂಪ್ರಿಹೆಂಡ್' ಆಗಿರಬಹುದು, ಗ್ರಹಿಸುವುದು ಎಂಬ 'ಅಪ್ರಿಹೆಂಡ್' ಕೂಡ ಆಗಿರಬಹುದು. ಮೂರೂ ಪದಗಳು 'ಹಿಡಿ' ಎಂಬ ಅರ್ಥದ ಒಂದೇ ಬೇರಿನಿಂದ ಬಂದವು. ಆ ಮಾತನ್ನು ಎರಡು ಸಲ ಗಟ್ಟಿಯಾಗಿ ಓದಿ, ಮಕ್ಕಳೊಂದಿಗೆ ಚರ್ಚಿಸಿ ನೋಡಿ. ನಿಮ್ಮ ಮನೆಯಲ್ಲಿ ಯಾವ ಪದ ಗೆದ್ದಿತು, ಏಕೆ ಗೆದ್ದಿತು ಎಂದು ನಮಗೊಂದು ಪತ್ರ ಬರೆಯಿರಿ.